ಮನೆ ಸುತ್ತಲಿನ ಜಾಗ ಚೆಂದವೂ ಇರಬೇಕು, ಕೆಲಸಕ್ಕೂ ಬರಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಕಟ್ಟಿ ಮುಗಿಯುವ ಹೊತ್ತಿಗೆ ದುಡ್ಡೂ ಮುಗಿದಿರುತ್ತದೆ, ತಾಳ್ಮೆಯೂ ಮುಗಿದಿರುತ್ತದೆ. ಆಗ ಉಳಿಯುವುದು ಗೇಟಿನಿಂದ ಬಾಗಿಲಿನವರೆಗಿನ ಜಾಗ, ಪಕ್ಕದಲ್ಲಿ ಕಾಂಪೌಂಡಿಗೂ ಗೋಡೆಗೂ ನಡುವೆ ಬಿಟ್ಟ ಮೂರಡಿ ಖಾಲಿ ಜಾಗ (ಸೆಟ್‌ಬ್ಯಾಕ್), ಹಿಂದೆ ಚೂರು ಹಿತ್ತಲು. ಗಾರೆಯವರು ಹೊರಡುವ ಮೊದಲು ಅಲ್ಲಿಗೂ ಟೈಲ್ಸ್ ಹಾಕಿಸಿ, ನಾಲ್ಕು ಕುಂಡ ಇಟ್ಟು ಕೈ ತೊಳೆದುಕೊಳ್ಳುತ್ತೇವೆ. ಮೊದಲ ಮಳೆಗಾಲಕ್ಕೆ ಮೆಟ್ಟಿಲ ಬುಡದಲ್ಲಿ ನೀರು ನಿಲ್ಲುತ್ತದೆ. ಮೊದಲ ಬೇಸಿಗೆಗೆ ಅಂಗಳ ಕಾದ ಹಂಚಾಗುತ್ತದೆ.

ಬೆಂಗಳೂರು, ಮೈಸೂರು, ತುಮಕೂರು ಕಡೆಯ 30×40 ಮತ್ತು 40×60 ಸೈಟುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಉತ್ತರಗಳಿವು. ಕರಾವಳಿಗೆ, ಎರೆ ಮಣ್ಣಿನ ಊರುಗಳಿಗೆ ಲೆಕ್ಕ ಬೇರೆ ಇರುವ ಕಡೆ ಅದನ್ನೂ ಹೇಳಿದ್ದೇನೆ.

ಲ್ಯಾಂಡ್‌ಸ್ಕೇಪಿಂಗ್ ಅಂದರೆ ಹುಲ್ಲು ಹಾಸಿ, ಗಿಡ ನೆಡುವುದೇ ಅಲ್ವಾ?

ಗಿಡ ಕೊನೆಗೆ ಬರುತ್ತದೆ. ಮೊದಲು ನೀರು ಎಲ್ಲಿ ಹರಿಯಬೇಕು, ಆಮೇಲೆ ಮನುಷ್ಯರು ಎಲ್ಲಿ ನಡೆಯಬೇಕು, ಆಮೇಲೆ ನೆರಳು ಎಲ್ಲಿ ಬೀಳಬೇಕು. ಈ ಮೂರೂ ತೀರ್ಮಾನವಾದರೆ ಗಿಡಗಳ ಜಾಗ ಮುಕ್ಕಾಲು ಭಾಗ ತಾನೇ ಗೊತ್ತಾಗುತ್ತದೆ. ಈ ಕ್ರಮ ತಿರುಗಾಮುರುಗಾ ಮಾಡಿದವರು ಎರಡು ವರ್ಷದಲ್ಲಿ ಗಿಡ ಕಿತ್ತು ಪೈಪ್ ಹಾಕಿಸುತ್ತಾರೆ.

ನಮ್ಮ ಹಳೇ ಮನೆಗಳಲ್ಲಿ ಇದು ಗೊತ್ತಿದ್ದ ವಿಷಯವೇ. ಜಗಲಿ ಕೂರುವುದಕ್ಕೆ, ಅಂಗಳ ಕೆಲಸಕ್ಕೆ, ಹಿತ್ತಲು ಬಚ್ಚಲ ನೀರಿಗೆ ಮತ್ತು ಅಡುಗೆ ಸೊಪ್ಪಿಗೆ. ಮಲೆನಾಡಿನ ಅಂಗಳವನ್ನೇ ನೋಡಿ. ಅಡಿಕೆ ಒಣಗಿಸುವ ಕಾಲಕ್ಕೆ ಸಗಣಿ ಸಾರಿಸಿ ಸಪಾಟಾಗಿ ಇರುತ್ತದೆ. ಮಳೆ ಶುರುವಾದರೆ ಮಣ್ಣು ಕೊಚ್ಚಿ ಹೋಗದ ಹಾಗೆ ಅದೇ ಅಂಗಳಕ್ಕೆ ಅಡಿಕೆ ಸೋಗೆ ಹಾಸುತ್ತಾರೆ. ಮದುವೆ ಬಂದರೆ ಅಲ್ಲೇ ಚಪ್ಪರ. ಒಂದೇ ಜಾಗ, ಕಾಲಕ್ಕೊಂದು ಕೆಲಸ. ನೋಡಲೂ ಚೆಂದ. 30×40 ಸೈಟಿನಲ್ಲಿ ಇರುವವರಿಗೆ ಈ ಬುದ್ಧಿ ಜಾಸ್ತಿ ಬೇಕು, ಯಾಕೆಂದರೆ ಅಲ್ಲಿ ಒಂದು ಕೆಲಸಕ್ಕೆ ಒಂದು ಜಾಗ ಅಂತ ಕೊಡಲು ಜಾಗವೇ ಇರುವುದಿಲ್ಲ.

ಸರಿ, ಎಲ್ಲಿಂದ ಶುರು ಮಾಡೋಣ?

ಒಂದು ಗ್ರಾಫ್ ಹಾಳೆ, ಒಂದು ಟೇಪು ಸಾಕು. ಸೈಟಿನ ಗಡಿ, ಮನೆಯ ಗೋಡೆ ಬರೆದುಕೊಳ್ಳಿ. ಆಮೇಲೆ ಮುಚ್ಚಿಹೋಗಿರುವುದನ್ನೆಲ್ಲ ಗುರುತು ಹಾಕಿ: ಸಂಪ್, ಒಳಚರಂಡಿ ಚೇಂಬರ್, ಬೋರ್‌ವೆಲ್, ನೀರಿನ ಮೀಟರ್, ಕರೆಂಟ್ ಕೇಬಲ್, ನಲ್ಲಿ, ಎಸಿ ಮೆಷಿನ್‌ನ ಹೊರಗಿನ ಡಬ್ಬಿ. ಈ ನಕ್ಷೆ ಇಲ್ಲದೆ ಗುದ್ದಲಿ ಹಿಡಿಯಬೇಡಿ.

ಜೊತೆಗೆ ಮನೆಯವರೆಲ್ಲ ಕೂತು ಹೊರಗಡೆ ನಡೆಯುವ ಕೆಲಸಗಳ ಪಟ್ಟಿ ಮಾಡಿ. ಬಟ್ಟೆ ಒಣಹಾಕುವುದು, ಪಾತ್ರೆ ತೊಳೆಯುವುದು, ಹಪ್ಪಳ ಸಂಡಿಗೆ ಒಣಗಿಸುವುದು, ಸ್ಕೂಟರ್ ನಿಲ್ಲಿಸುವುದು, ಸಿಲಿಂಡರ್ ಬರುವ ದಾರಿ, ಚಪ್ಪಲಿ ಬಿಡುವ ಜಾಗ, ಕಸದ ಡಬ್ಬಿ, ಸಂಜೆ ಕಾಫಿ. ಮ್ಯಾಗಜಿನ್ ಫೋಟೋಗಳಲ್ಲಿ ಬಟ್ಟೆ ಒಣಹಾಕುವ ತಂತಿ ಎಲ್ಲೂ ಕಾಣುವುದಿಲ್ಲ. ನಿಮ್ಮ ಮನೆಯಲ್ಲಿ ಅದು ಇದ್ದೇ ಇರುತ್ತದೆ. ಅದಕ್ಕೆ ಮೊದಲೇ ಜಾಗ ಕೊಡದಿದ್ದರೆ ಕೊನೆಗೆ ಸಂಪಿಗೆ ಮರಕ್ಕೂ ಕಿಟಕಿ ಕಂಬಿಗೂ ಹಗ್ಗ ಕಟ್ಟಬೇಕಾಗುತ್ತದೆ.

ಇನ್ನೊಂದು ಮಾತು. ಜೋರು ಮಳೆ ಬರುವಾಗ ಕೊಡೆ ಹಿಡಿದು ಒಂದು ಸುತ್ತು ಬನ್ನಿ. ನೀರು ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ಯಾವ ಡಿಸೈನರ್‌ಗಿಂತ ಚೆನ್ನಾಗಿ ಆ ಹತ್ತು ನಿಮಿಷ ಹೇಳುತ್ತದೆ.

ಬಿಸಿಲಿನ ಲೆಕ್ಕ ಹೇಗೆ ಹಾಕುವುದು? ಉತ್ತರದ ಕಡೆ ಯಾವಾಗಲೂ ನೆರಳು ಅಂತಾರೆ, ನಿಜವಾ?

ಅರ್ಧ ನಿಜ. ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ 13 ಡಿಗ್ರಿ ದೂರದಲ್ಲಿದೆ. ಹಾಗಾಗಿ ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ಅಲ್ಲಿಂದ ಉತ್ತರಕ್ಕೆ ದಾಟುತ್ತಾನೆ. ಆಗಸ್ಟ್ ಮಧ್ಯ ಕಳೆದ ಮೇಲೆ ವಾಪಸ್ ದಕ್ಷಿಣಕ್ಕೆ ಬರುತ್ತಾನೆ. ಅಂದರೆ ಮೇ, ಜೂನ್, ಜುಲೈನಲ್ಲಿ ಉತ್ತರದ ಗೋಡೆಗೂ ಬಿಸಿಲು ಬೀಳುತ್ತದೆ.

ಅಂಕಿ ಹಿಡಿದು ನೋಡಿ. 30 ಅಡಿ ಎತ್ತರದ ಮನೆ ಡಿಸೆಂಬರ್ ಮಧ್ಯಾಹ್ನ ಉತ್ತರಕ್ಕೆ ಸುಮಾರು 22 ಅಡಿ ನೆರಳು ಬಿಡುತ್ತದೆ. ಅದೇ ಮನೆ ಜೂನ್ ಮಧ್ಯಾಹ್ನ ದಕ್ಷಿಣಕ್ಕೆ ಐದಾರು ಅಡಿ ನೆರಳು ಬಿಡುತ್ತದೆ, ಅಷ್ಟೇ. ಹಾಗಾಗಿ ಉತ್ತರದ ಪಟ್ಟಿಯಲ್ಲಿ ಜೂನ್‌ನಲ್ಲಿ ಗುಲಾಬಿ ನೆಟ್ಟು ಖುಷಿಪಟ್ಟವರಿಗೆ ನವೆಂಬರ್‌ನಲ್ಲಿ ಬರೀ ಎಲೆ ಕಾಣುತ್ತದೆ, ಹೂವು ಕಾಣುವುದಿಲ್ಲ. ಗೊಬ್ಬರ ಹಾಕಿದಷ್ಟೂ ಗಿಡ ಸೊರಗುತ್ತದೆ, ಯಾಕೆಂದರೆ ಅದಕ್ಕೆ ಬೇಕಾದ್ದು ಬಿಸಿಲು.

ಪಶ್ಚಿಮದ ಬಿಸಿಲೇ ನಮ್ಮ ಕಡೆ ನಿಜವಾದ ಕಾಟ. ಮೂರು ಗಂಟೆಯ ಮೇಲೆ ಓರೆಯಾಗಿ ಬರುವ ಆ ಬಿಸಿಲಿಗೆ ಛಜ್ಜಾ ಅಡ್ಡ ಬರುವುದಿಲ್ಲ. ಅಲ್ಲಿ ಒಂದು ಮರ, ಇಲ್ಲವೇ ತಂತಿಗೆ ಹಬ್ಬಿಸಿದ ಬಳ್ಳಿ ಇದ್ದರೆ ಒಳಗಿನ ರೂಮು ತಂಪಾಗಿರುತ್ತದೆ. ಜಾಗ ಒಂದೇ ಮರಕ್ಕೆ ಇದೆ ಅನ್ನುವವರು ಅದನ್ನು ಪಶ್ಚಿಮಕ್ಕೆ ಕೊಡಿ.

ಮಳೆ ನೀರನ್ನು ಏನು ಮಾಡಬೇಕು? ಚರಂಡಿಗೆ ಬಿಟ್ಟರೆ ಆಯ್ತಲ್ಲ?

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. 1,000 ಚದರ ಅಡಿ ಚಾವಣಿಯ ಮೇಲೆ ಅದು ಸುಮಾರು 90,000 ಲೀಟರ್. ಸೋರಿ, ಆರಿ ಹೋಗಿದ್ದನ್ನು ಕಳೆದರೂ 70,000 ಲೀಟರ್ ಕೈಗೆ ಸಿಗುತ್ತದೆ. ಒಂದು ಇಂಚು ಮಳೆ ಬಂದ ಸಂಜೆ ಅದೇ ಚಾವಣಿಯಿಂದ 2,300 ಲೀಟರ್ ಇಳಿಯುತ್ತದೆ. ಸಾವಿರ ಲೀಟರಿನ ಎರಡು ಟ್ಯಾಂಕ್ ತುಂಬಿ ಉಕ್ಕುವಷ್ಟು. ಇದನ್ನು ರಸ್ತೆಗೆ ಬಿಟ್ಟು, ಮಾರ್ಚ್‌ನಲ್ಲಿ ಟ್ಯಾಂಕರ್‌ಗೆ ಫೋನ್ ಮಾಡುತ್ತೇವೆ.

ಅಂದಹಾಗೆ ಬೆಂಗಳೂರಿನಲ್ಲಿ ಇದು ಇಷ್ಟ ಇದ್ದರೆ ಮಾಡುವ ಕೆಲಸ ಅಲ್ಲ. 30×40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗಳಿಗೆ, 40×60 ಮತ್ತು ಮೇಲಿನ ಹಳೇ ಮನೆಗಳಿಗೆ ಮಳೆ ನೀರು ಕೊಯ್ಲು ಕಡ್ಡಾಯ. ಜಲಮಂಡಳಿ ಇದನ್ನು ತಂದಿದ್ದು 2009ರಲ್ಲಿ.

ಒಳ್ಳೆಯ ವ್ಯವಸ್ಥೆಯಲ್ಲಿ ನೀರಿಗೆ ಮೂರು ನಿಲ್ದಾಣ ಇರುತ್ತದೆ. ಮೊದಲ ಕೊಳೆ ನೀರನ್ನು ಹೊರಗೆ ಬಿಟ್ಟು, ಉಳಿದದ್ದು ಫಿಲ್ಟರ್ ಮೂಲಕ ಸಂಪ್‌ಗೆ. ಸಂಪ್ ತುಂಬಿದ ಮೇಲೆ ಇಂಗು ಬಾವಿಗೆ. ಅಂಗಳದ ಮೇಲೆ ಬಿದ್ದ ನೀರು ತಗ್ಗಿನ ಹಾಸಿಗೆಗೆ. ಇಂಗು ಬಾವಿ ಅಂದರೆ ಮೂರಡಿ ಅಗಲ, ಹತ್ತರಿಂದ ಇಪ್ಪತ್ತು ಅಡಿ ಆಳದ ಸಿಮೆಂಟ್ ರಿಂಗ್ ಬಾವಿ. ತಲೆಮಾರುಗಳಿಂದ ಬಾವಿ ತೋಡುತ್ತಾ ಬಂದ ಮಣ್ಣು ವಡ್ಡರು ಬೆಂಗಳೂರು ಸುತ್ತಮುತ್ತ ಈಗಲೂ ಇದ್ದಾರೆ. ಮಣ್ಣಿನ ಪದರ ನೋಡಿಯೇ ಎಲ್ಲಿ ಇಂಗುತ್ತದೆ ಅಂತ ಹೇಳುವವರು ಅವರು. ಸಾಧ್ಯವಾದರೆ ಕೆಲಸ ಅವರಿಗೇ ಕೊಡಿ. ಬಾವಿ ಪಾಯದಿಂದ ಹತ್ತು ಅಡಿ ದೂರ ಇರಲಿ. ಪಾತ್ರೆ, ಬಟ್ಟೆ ತೊಳೆದ ನೀರನ್ನು ಇದಕ್ಕೆ ಯಾವತ್ತೂ ಬಿಡಬೇಡಿ.

ತಗ್ಗಿನ ಹಾಸಿಗೆ ನನಗೆ ತುಂಬಾ ಇಷ್ಟವಾದದ್ದು. ಸುತ್ತಲಿನ ನೆಲಕ್ಕಿಂತ ಆರು ಇಂಚು ಕೆಳಗೆ ಮಣ್ಣು ಇಳಿಸಿ, ಅಲ್ಲಿ ಲಾವಂಚ, ಕ್ಯಾನಾ, ಕೆಸು, ಅಂಚಿಗೆ ಒಂದೆಲಗ ನೆಡಿ. ಮಳೆ ಬಂದಾಗ ಅದು ಚಿಕ್ಕ ಕೊಳ, ಮಾರನೇ ದಿನಕ್ಕೆ ಬರೀ ಹಸಿ ಮಣ್ಣು. ಒಂದು ದಿನಕ್ಕಿಂತ ಜಾಸ್ತಿ ನೀರು ನಿಂತರೆ ಮಣ್ಣಿಗೆ ಮರಳು, ಗೊಬ್ಬರ ಸೇರಿಸಬೇಕು.

ಮಂಗಳೂರು, ಉಡುಪಿ ಕಡೆಯವರಿಗೆ ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ. ಅಲ್ಲಿ ಇಂಗಿಸುವುದಕ್ಕಿಂತ ಮೊದಲು ನೀರು ಸರಾಗ ಹೋಗುವ ತೋಡು ಮುಖ್ಯ. ವಿಜಯಪುರ, ಕಲಬುರಗಿಯ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಲ್ಲಿ ಪಾಯದ ಹತ್ತಿರ ನೀರು ಇಂಗಿಸಲೇಬೇಡಿ.

ನೆಲಕ್ಕೆ ಏನು ಹಾಸೋಣ? ಎಲ್ಲಾ ಕಡೆ ಟೈಲ್ಸ್ ಹಾಕಿದರೆ ಗುಡಿಸಲು ಸುಲಭ ಅಂತಾರೆ ಅಮ್ಮ.

ಅಮ್ಮನ ಮಾತಿನಲ್ಲಿ ಅರ್ಥ ಇದೆ. ದಿನಾ ಗುಡಿಸುವವರು ಅವರಾದರೆ ತೀರ್ಮಾನವೂ ಅವರದ್ದೇ. ಆದರೆ ಎಲ್ಲಾ ಕಡೆ ಬೇಕಾಗಿಲ್ಲ.

ಬಾಗಿಲ ಮುಂದೆ ಮತ್ತು ಗೇಟಿನ ಮುಂದೆ ನಾಲ್ಕಡಿ ಚೌಕ ಸಪಾಟಾದ, ಆದರೆ ನುಣುಪಲ್ಲದ ಕಲ್ಲು ಹಾಕಿಸಿ. ಅದು ರಂಗೋಲಿ ಜಾಗ. ಇಂಟರ್‌ಲಾಕ್ ಪೇವರ್ ಮೇಲೆ ಎಳೆ ಎಳೆಯುವುದು ಎಷ್ಟು ಕಷ್ಟ ಅಂತ ರಂಗೋಲಿ ಹಾಕುವವರನ್ನು ಕೇಳಿ. ಗುತ್ತಿಗೆದಾರರು ಇದನ್ನು ಯೋಚಿಸುವುದೇ ಇಲ್ಲ. ಅಲ್ಲಿಂದ ತೊಳೆದ ನೀರು ಗಿಡದ ಹಾಸಿಗೆ ಕಡೆ ಹೋಗುವ ಹಾಗೆ ಓಟ ಕೊಟ್ಟರೆ ದಿನಾ ಬೆಳಗ್ಗೆ ಗಿಡಕ್ಕೂ ನೀರಾಯಿತು.

ಉಳಿದ ಕಡೆ ಸಾದರಹಳ್ಳಿ ಕಲ್ಲಿನ ಚಪ್ಪಡಿಗಳನ್ನು ಎರಡು ಇಂಚು ಸಂದು ಬಿಟ್ಟು ಹಾಸಿ. ಸಂದಿಗೆ ಸಣ್ಣ ಜಲ್ಲಿ ತುಂಬಿ, ಇಲ್ಲವೇ ಗರಿಕೆ ಬಿಡಿ. ಕೆಳಗೆ ಕಾಂಕ್ರೀಟ್ ಬೇಡ. ಮಣ್ಣು ದಮ್ಮಸ್ ಮಾಡಿ, ನಾಲ್ಕು ಇಂಚು ಜಲ್ಲಿ, ಮೇಲೆ ಒಂದೆರಡು ಇಂಚು ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತೆಗೆದ ಮರಳು) ಸಾಕು. ನೀರು ಇಂಗುತ್ತದೆ, ನಾಳೆ ಪೈಪ್ ಒಡೆದರೆ ಒಂದು ಕಲ್ಲು ಎತ್ತಿ ರಿಪೇರಿ ಮಾಡಬಹುದು. ಕಾರು ಓಡುವ ಕಡೆ ಪೇವರ್ ಹಾಕುವುದಾದರೆ 60 ಮಿ.ಮೀ.ಗಿಂತ ತೆಳ್ಳನೆಯದು ಬೇಡ. ಗಟ್ಟಿ ನೆಲ ಎಲ್ಲೇ ಇರಲಿ, ಹತ್ತು ಅಡಿಗೆ ಒಂದೂವರೆ ಇಂಚು ಇಳಿಜಾರು ಇರಲಿ, ಅದೂ ಮನೆಯಿಂದ ದೂರಕ್ಕೆ.

ಬೇಡ ಅನ್ನುವ ಪಟ್ಟಿ ಚಿಕ್ಕದು. ಪಾಲಿಶ್ ಗ್ರಾನೈಟ್ ಮಳೆಯಲ್ಲಿ ಜಾರುತ್ತದೆ. ಕರಿ ಕಡಪ ಕಲ್ಲು ಬಿಸಿಲಲ್ಲಿ ಬರಿಗಾಲು ಸುಡುತ್ತದೆ. ಕರಾವಳಿಯಲ್ಲಿ ಯಾವ ನುಣುಪು ಕಲ್ಲಿಗೂ ಜುಲೈ ಹೊತ್ತಿಗೆ ಪಾಚಿ ಕಟ್ಟುತ್ತದೆ, ಅಲ್ಲಿ ಒರಟು ಮುರಕಲ್ಲೇ ವಾಸಿ.

ಹಸಿರು ಲಾನ್ ಬೇಕು ಅಂತ ಆಸೆ. ಮಾಡಬಹುದಾ?

ಮಾಡಬಹುದು, ಬೆಲೆ ಗೊತ್ತಿರಲಿ. ಬೇಸಿಗೆಯಲ್ಲಿ ಒಂದು ಚದರ ಮೀಟರ್ ಹುಲ್ಲಿಗೆ ದಿನಕ್ಕೆ ಸುಮಾರು ಐದು ಲೀಟರ್ ನೀರು ಬೇಕು. 200 ಚದರ ಅಡಿ ಲಾನ್‌ಗೆ ದಿನಾ 90 ಲೀಟರ್ ಹತ್ತಿರ ಆಯ್ತು. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ, ಕುಡಿಯುವ ನೀರನ್ನು ಗಾರ್ಡನ್‌ಗೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿತ್ತು. ಆ ತಿಂಗಳು ಮೊದಲು ಒಣಗಿದ್ದು ಲಾನುಗಳೇ.

ಮಕ್ಕಳು ಆಡಲು, ಕೂರಲು ಹುಲ್ಲು ಬೇಕೇ ಬೇಕು ಅಂದರೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಒಂದೇ ಜಾಗ ಆರಿಸಿ, ಚಿಕ್ಕದಾಗಿ ಮಾಡಿ. ಬರೀ ನೋಡಲಿಕ್ಕೆ ಅಂದರೆ ಗರಿಕೆ ಸಾಕು. ಬೇಸಿಗೆಯಲ್ಲಿ ಕಂದಾಗುತ್ತದೆ, ಮೊದಲ ಮಳೆಗೆ ಎದ್ದು ಕೂರುತ್ತದೆ, ಗಣೇಶನ ಹಬ್ಬಕ್ಕೂ ಆಗುತ್ತದೆ. ಪ್ಲಾಸ್ಟಿಕ್ ಹುಲ್ಲಿನ ಬಗ್ಗೆಯೂ ಕೇಳುತ್ತೀರಿ. ಬಿಸಿಲಲ್ಲಿ ಅದರ ಮೇಲೆ ಬರಿಗಾಲಲ್ಲಿ ನಿಂತು ನೋಡಿ, ಆಮೇಲೆ ಕೊಳ್ಳಿ.

ಕಾರು ನಿಂತ ಮೇಲೆ ಜಾಗವೇ ಉಳಿಯಲ್ಲ. ಏನು ಮಾಡೋದು?

ಕಾರಿಗೆ 16×8 ಅಡಿ ಬೇಕು, ಬಾಗಿಲು ಆರಾಮಾಗಿ ತೆಗೆಯಲು 18×9. ಚಕ್ರ ಓಡುವುದು ಎರಡು ಪಟ್ಟಿಯ ಮೇಲೆ ಮಾತ್ರ. ಆ ಎರಡು ಪಟ್ಟಿಗೆ ಕಲ್ಲು ಹಾಕಿ, ನಡುವೆ ಜಲ್ಲಿ ಅಥವಾ ಗರಿಕೆ ಬಿಡಿ. ಕಾರು ಆಫೀಸಿಗೆ ಹೋದ ಮೇಲೆ ಇದೇ ಜಾಗ ಮಕ್ಕಳ ಕ್ರಿಕೆಟ್‌ಗೆ, ಸಂಡಿಗೆ ಒಣಗಿಸಲು ಆಗುತ್ತದೆ. ಮೇಲೆ ಪೆರ್ಗೋಲಾ (ಕಂಬ, ತೊಲೆಗಳ ಚಪ್ಪರ) ಕಟ್ಟಿ ಬಳ್ಳಿ ಹಬ್ಬಿಸುವವರು ಹೂವು ಜಾಸ್ತಿ ಉದುರುವ ಬಳ್ಳಿ ಹಾಕಬೇಡಿ, ದಿನಾ ವೈಪರ್ ಹಾಕಬೇಕಾಗುತ್ತದೆ.

ಪಕ್ಕದ ಮೂರಡಿ ಓಣಿಯಲ್ಲಿ ಏನಾದರೂ ಬೆಳೆಸಬಹುದಾ?

ಗೋಡೆಗೆ ಅಂಟಿಸಿ ಮಣ್ಣು ಏರಿಸಬೇಡಿ. ಪಾಯದ ಮೇಲಿನ ತೇವ ತಡೆಯುವ ಪದರಕ್ಕಿಂತ ಆರು ಇಂಚಾದರೂ ಕೆಳಗೆ ಮಣ್ಣು ಇರಬೇಕು. ಇಲ್ಲದಿದ್ದರೆ ಒಳಗಿನ ಬಣ್ಣ ಉಬ್ಬುತ್ತದೆ, ಗೆದ್ದಲಿಗೂ ದಾರಿ ಸಿಗುತ್ತದೆ. ಕಾಂಪೌಂಡ್ ಕಡೆ ಒಂದಡಿ ಮಣ್ಣು ಬಿಟ್ಟು ವೀಳ್ಯದೆಲೆ, ಮೆಣಸಿನ ಬಳ್ಳಿ, ಅಲೊಕೇಶಿಯಾ, ಫರ್ನ್ ನೆಡಬಹುದು. ಇವಕ್ಕೆ ನೆರಳೇ ಇಷ್ಟ. ಉಳಿದ ಎರಡಡಿ ಪ್ಲಂಬರ್‌ಗೆ ಬಿಡಿ.

ಚಿಕ್ಕ ಸೈಟಿಗೆ ಯಾವ ಮರ ಒಳ್ಳೆಯದು?

ಇದೇ ಎಲ್ಲರೂ ಕೇಳುವ ಪ್ರಶ್ನೆ, ಜಾಸ್ತಿ ತಪ್ಪು ಆಗುವುದೂ ಇಲ್ಲೇ. ನರ್ಸರಿಯಲ್ಲಿ ಎಲ್ಲಾ ಗಿಡವೂ ಮೂರಡಿ. ಹದಿನೈದು ವರ್ಷ ಆದ ಮೇಲೆ ಅದು ಎಷ್ಟು ಅಗಲ ಅನ್ನುವುದನ್ನು ನೋಡಿ ಕೊಳ್ಳಬೇಕು.

ಗೋಡೆಯಿಂದ ಆರೆಂಟು ಅಡಿ ಜಾಗ ಇದ್ದರೆ ಪಾರಿಜಾತ, ಕರಿಬೇವು, ನಿಂಬೆ, ದಾಳಿಂಬೆ, ದೇವಗಣಗಿಲೆ. ಹನ್ನೆರಡು ಹದಿನೈದು ಅಡಿ ಇದ್ದರೆ ಸೀಬೆ, ನೆಲ್ಲಿ, ಕಕ್ಕೆ, ಬಿಲ್ವ. ಇಪ್ಪತ್ತು ಅಡಿ ಮೇಲಿದ್ದರೆ ಹೊಂಗೆ, ಬೇವು, ಸಂಪಿಗೆ, ಮಾವು. ಹೊಂಗೆ ನೆರಳಿನ ಬಗ್ಗೆ ನಮ್ಮ ಹಳ್ಳಿಯವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಬಿರುಬೇಸಿಗೆಗೆ ಸರಿಯಾಗಿ ಹೊಸ ಚಿಗುರು ತುಂಬಿಕೊಂಡು ನಿಲ್ಲುವ ಮರ ಅದು.

ಆಲ, ಅರಳಿ, ಅತ್ತಿ, ರಬ್ಬರ್ ಗಿಡ ಮನೆ ಹತ್ತಿರ ಬೇಡವೇ ಬೇಡ. ಬೇರು ಚೇಂಬರಿಗೂ ಸಂಪ್‌ಗೂ ನುಗ್ಗುತ್ತದೆ. ಗುಲ್‌ಮೊಹರ್, ಆಕಾಶಮಲ್ಲಿಗೆ ಚೆಂದವೇ, ಆದರೆ ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಕೊಂಬೆ ಮುರಿದು ಬೀಳುವುದರಲ್ಲಿ ಇವೇ ಮುಂದು. ಸಿಂಗಪುರ್ ಚೆರ್ರಿ ಎರಡೇ ವರ್ಷದಲ್ಲಿ ನೆರಳು ಕೊಡುತ್ತದೆ, ಹಕ್ಕಿಗಳೂ ಬರುತ್ತವೆ. ಹಣ್ಣು ಉದುರಿ ಕೆಳಗೆ ನಿಂತ ಕಾರು ಅಂಟಂಟಾಗುತ್ತದೆ, ರಾತ್ರಿ ಬಾವಲಿಗಳ ಹಾಜರಿ ಬೇರೆ. ತೆಂಗಿನ ಮರದ ಕೆಳಗೆ ಕೂರುವ ಕಟ್ಟೆ ಕಟ್ಟಿಸಿದವರನ್ನೂ ಕಂಡಿದ್ದೇನೆ. ಏನು ಹೇಳುವುದು!

ವರ್ಷವಿಡೀ ಏನಾದರೊಂದು ಹೂವು ಇರಲಿ ಅನ್ನುವವರಿಗೆ ಬೆಂಗಳೂರೇ ಪಾಠ. ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ 1908ರಲ್ಲಿ ಲಾಲ್‌ಬಾಗಿಗೆ ಬಂದರು. ಒಂದು ಜಾತಿಯ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಶುರುವಾಗುವ ಹಾಗೆ ರಸ್ತೆಗಳಿಗೆ ಮರ ಆರಿಸುವ ಕ್ರಮಕ್ಕೆ ಅವರ ಹೆಸರನ್ನೇ ಹೇಳುತ್ತಾರೆ. ಗುಲಾಬಿ ಟಬೆಬುಯಾ ಆದ ಮೇಲೆ ನೀಲಿ ಜಕರಂಡ, ಅದರ ಬೆನ್ನಿಗೆ ಗುಲ್‌ಮೊಹರ್. ಇದನ್ನೇ ಚಿಕ್ಕದು ಮಾಡಿ ನಿಮ್ಮ ಸೈಟಿಗೆ ತನ್ನಿ: ಮಾರ್ಚ್‌ನಿಂದ ಮಲ್ಲಿಗೆ, ಏಪ್ರಿಲ್–ಮೇನಲ್ಲಿ ಕಕ್ಕೆ, ಶ್ರಾವಣದ ಮೇಲೆ ಪಾರಿಜಾತ, ಚಳಿಗಾಲಕ್ಕೆ ಸೇವಂತಿಗೆ. ನಡುವೆ ಖಾಲಿ ಕಾಣದ ಹಾಗೆ ದಾಸವಾಳ ಹೇಗೂ ಇದ್ದೇ ಇದೆ.

ಪೂಜೆಗೆ ಹೂವು, ಅಡುಗೆಗೆ ಸೊಪ್ಪು ಎರಡೂ ಬೇಕು. ತೋಟ ತರಕಾರಿ ಮಡಿಯ ಹಾಗೆ ಕಾಣಬಾರದು.

ಯಾಕೆ ಕಾಣಬಾರದು ಅಂತ ನನ್ನ ಪ್ರಶ್ನೆ. ಕೆಂಪು ದಂಟು, ಕೊತ್ತಂಬರಿ ಹೂವು, ನೀಲಿ ಶಂಖಪುಷ್ಪ, ಹಬ್ಬಿದ ಬಸಳೆ ನೋಡಲು ಯಾವ ಕ್ರೋಟನ್‌ಗೂ ಕಡಿಮೆ ಇಲ್ಲ. ಬಸಳೆ ಚಪ್ಪರವನ್ನೇ ಅಡುಗೆಮನೆ ಕಿಟಕಿಯ ಮುಂದೆ ಕಟ್ಟಿದರೆ ಅದೇ ಪರದೆ, ಅದೇ ಸಾರು. ಅಡುಗೆ ಗಿಡಗಳು ಹಿಂಬಾಗಿಲಿಂದ ಹತ್ತು ಹೆಜ್ಜೆಯ ಒಳಗೆ ಇರಲಿ. ಒಗ್ಗರಣೆ ಸಿಡಿಯುವಾಗ ಕರಿಬೇವಿಗೆ ಯಾರೂ ದೂರ ಓಡುವುದಿಲ್ಲ.

ಉಡುಪಿ ಹತ್ತಿರದ ಶಂಕರಪುರದ ಕಡೆ ಮನೆಯ ಅಂಗಳದಲ್ಲೇ ಮಲ್ಲಿಗೆ ಬೆಳೆದು ಅಟ್ಟೆ (ಹೂವಿನ ಕಟ್ಟಿನ ಅಳತೆ) ಲೆಕ್ಕದಲ್ಲಿ ಮಾರುತ್ತಾರೆ. ಚೆಂದ ಮತ್ತು ಉಪಯೋಗ ಎರಡನ್ನೂ ಬೇರೆ ಮಾಡಿ ನೋಡದ ಅಂಗಳ ಅದು.

ತುಳಸಿ ಕಟ್ಟೆಗೆ ಬಿಸಿಲು ಚೆನ್ನಾಗಿ ಬೀಳಬೇಕು. ಅಲಂಕಾರಕ್ಕೆ ಅಂತ ಪೋರ್ಟಿಕೋ ಒಳಗೆ ಇಟ್ಟ ತುಳಸಿ ಉಳಿಯುವುದು ಕಷ್ಟ. ಇನ್ನು ದಾಸವಾಳವನ್ನು ಕಾಂಪೌಂಡ್ ಅಂಚಿಗೆ ನೆಟ್ಟರೆ ಬೆಳಗ್ಗೆ ಐದೂವರೆಗೇ ಹೂವು ಖಾಲಿ. ವಾಕಿಂಗ್ ಬರುವವರಿಗೂ ದೇವರಿದ್ದಾನಲ್ಲ. ಜಗಳ ಬೇಡ ಅಂದರೆ ಅಂಚಿಗೊಂದು, ಒಳಗೊಂದು ನೆಡಿ.

ವಾಸ್ತು ಪ್ರಕಾರ ಮಾಡಬೇಕಾ?

ನಂಬುವವರು ಮಾಡಿ. ನೈಋತ್ಯಕ್ಕೆ ದೊಡ್ಡ ಮರ ಅನ್ನುತ್ತಾರೆ, ಅದು ಪಶ್ಚಿಮದ ಬಿಸಿಲನ್ನೂ ತಡೆಯುತ್ತದೆ. ಈಶಾನ್ಯಕ್ಕೆ ತಗ್ಗು, ನೀರು ಅನ್ನುತ್ತಾರೆ. ನಿಮ್ಮ ರಸ್ತೆಯ ಇಳಿಜಾರು ಆ ಕಡೆಗೇ ಇದ್ದರೆ ಒಳ್ಳೆಯದು. ರಸ್ತೆ ಬೇರೆ ಕಡೆಗೆ ಇಳಿದಿದ್ದರೆ ನೀರು ವಾಸ್ತು ಕೇಳುವುದಿಲ್ಲ, ಇಳಿಜಾರನ್ನೇ ಕೇಳುತ್ತದೆ. ಆಗ ಪೈಪಿನ ವಿಷಯಕ್ಕೆ ಪ್ಲಂಬರ್ ಮಾತಿಗೆ ಮಣಿಯಿರಿ.

ಟೆರೇಸ್ ಮೇಲೆ ತೋಟ ಮಾಡಿದರೆ ಭಾರ ತಡೆಯುತ್ತದಾ?

ಸಾಮಾನ್ಯ ಮನೆಯ ಚಾವಣಿಯನ್ನು ಜನ ಓಡಾಡುವ ಲೆಕ್ಕಕ್ಕೆ ಚದರ ಮೀಟರಿಗೆ 150 ಕೆ.ಜಿ. ಹೆಚ್ಚುವರಿ ಭಾರ ಹಿಡಿದು ಕಟ್ಟಿರುತ್ತಾರೆ. ಅಂದರೆ ಚದರ ಅಡಿಗೆ 14 ಕೆ.ಜಿ. ಹತ್ತಿರ. ಒಂದಡಿ ದಪ್ಪ ಹಸಿ ಮಣ್ಣು ಚದರ ಅಡಿಗೆ ಸುಮಾರು 50 ಕೆ.ಜಿ. ತೂಗುತ್ತದೆ. ಲೆಕ್ಕ ನಿಮ್ಮ ಮುಂದೆಯೇ ಇದೆ. ಹಾಗಾಗಿ ಚಾವಣಿ ತುಂಬಾ ಮಣ್ಣು ಸುರಿಯುವ ಯೋಚನೆ ಇದ್ದರೆ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಹೋಗಿ.

ಕುಂಡ, ಗ್ರೋ ಬ್ಯಾಗ್ ಆದರೆ ಕೆಳಗೆ ಬೀಮ್, ಗೋಡೆ ಇರುವ ಸಾಲಿನಲ್ಲೇ ಇಡಿ. ಮಧ್ಯದಲ್ಲಿ ಗುಂಪು ಹಾಕಬೇಡಿ. ಕೆಮ್ಮಣ್ಣು ಕಡಿಮೆ ಮಾಡಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಹುಳು ಗೊಬ್ಬರ ಜಾಸ್ತಿ ಮಾಡಿದರೆ ತೂಕ ಇಳಿಯುತ್ತದೆ. ಕುಂಡಗಳನ್ನು ಇಟ್ಟಿಗೆ ಅಥವಾ ಸ್ಟ್ಯಾಂಡ್ ಮೇಲೆ ಎತ್ತಿಡಿ, ಕೆಳಗೆ ಗುಡಿಸಲು ಬರಬೇಕು, ಸೋರಿಕೆ ಕಾಣಬೇಕು. ವಾಟರ್‌ಪ್ರೂಫಿಂಗ್ ಆದ ಮೇಲೆಯೇ ತೋಟ. ಮಳೆ ನೀರು ಇಳಿಯುವ ಪೈಪಿನ ಬಾಯಿ ಪಕ್ಕ ಒಂದು ಎಲೆಯೂ ಬೀಳದ ಹಾಗೆ ಜಾಲರಿ ಹಾಕಿ. ಇದನ್ನು ಮರೆತ ಮನೆಗಳಲ್ಲಿ ಜೋರು ಮಳೆಗೆ ಟೆರೇಸೇ ಕೆರೆ.

ಗಿಡ ಜಾಸ್ತಿ ಆದರೆ ಸೊಳ್ಳೆ, ಹಾವು ಬರಲ್ವಾ?

ಸೊಳ್ಳೆ ಬರುವುದು ನಿಂತ ನೀರಿಗೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕುಂಡದ ಕೆಳಗಿನ ತಟ್ಟೆಯ ಸ್ವಚ್ಛ ನೀರೇ ಸಾಕು. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಒಂದು ವಾರದಿಂದ ಹತ್ತು ದಿನ. ಹಾಗಾಗಿ ವಾರಕ್ಕೊಂದು ದಿನ ಎಲ್ಲಾ ತಟ್ಟೆ ಬಗ್ಗಿಸಿ ಉಜ್ಜಿದರೆ ಅದರ ಸಂಸಾರ ಮುರಿಯುತ್ತದೆ. ತಾವರೆ ತೊಟ್ಟಿ ಇದ್ದರೆ ಗಪ್ಪಿ ಅಥವಾ ಗಾಂಬೂಸಿಯಾ ಮೀನು ಬಿಡಿ.

ಹಾವು ಬರುವುದು ಇಲಿಗೆ. ಇಲಿ ಬರುವುದು ಕಸದ ರಾಶಿಗೆ, ಮನೆ ಕಟ್ಟಿದಾಗ ಉಳಿದ ಇಟ್ಟಿಗೆ ರಾಶಿಗೆ. ಅವನ್ನು ತೆಗೆಸಿ. ಗೋಡೆಯ ಸುತ್ತ ಎರಡಡಿ ತೆರೆದ ಜಾಗ ಇರಲಿ.

ಮನೆಯಲ್ಲಿ ಅಜ್ಜ ಅಜ್ಜಿ ಇದ್ದಾರೆ, ಚಿಕ್ಕ ಮಕ್ಕಳೂ ಇದ್ದಾರೆ. ಏನು ಗಮನಿಸಬೇಕು?

ಹೊರಗಿನ ಮೆಟ್ಟಿಲು ಆರು ಇಂಚಿಗಿಂತ ಎತ್ತರ ಬೇಡ, ಕಾಲಿಡುವ ಅಗಲ ಒಂದಡಿಗೆ ಕಡಿಮೆ ಬೇಡ. ಒಂದು ಕಡೆಯಾದರೂ ಹಿಡಿದುಕೊಳ್ಳಲು ಕಂಬಿ ಇರಲಿ. ಕೂರುವ ಕಟ್ಟೆ 16ರಿಂದ 18 ಇಂಚು ಎತ್ತರ. ತೀರಾ ತಗ್ಗಿದ್ದರೆ ಮಂಡಿ ನೋವಿನವರು ಕೂತರೆ ಏಳಲಾರರು. ನಡೆಯುವ ದಾರಿ ಮೂರಡಿ, ಇಬ್ಬರು ಕೈ ಹಿಡಿದು ನಡೆಯುವುದಾದರೆ ನಾಲ್ಕೂವರೆ.

ಗಾಲಿಕುರ್ಚಿಗೆ ರ‍್ಯಾಂಪ್ ಅಂದರೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ. ಅಂಗಳದಿಂದ ಒಂದೂವರೆ ಅಡಿ ಎತ್ತರದಲ್ಲಿ ಬಾಗಿಲಿರುವ ಮನೆಗೆ 18 ಅಡಿ ಬೇಕು. ಚಿಕ್ಕ ಸೈಟಿನಲ್ಲಿ ಆಮೇಲೆ ಹುಡುಕಿದರೆ ಇಷ್ಟು ಜಾಗ ಸಿಗುವುದಿಲ್ಲ. ಈಗ ಬೇಡದಿದ್ದರೂ ಒಂದು ಕಡೆಯ ದಾರಿಯನ್ನು ಮೆಟ್ಟಿಲಿಲ್ಲದೆ ಬಿಟ್ಟಿರಿ.

ಮಕ್ಕಳಿರುವ ಮನೆಯಲ್ಲಿ ಕಣಗಿಲೆ, ಹಳದಿ ಕಣಗಿಲೆ, ದತ್ತೂರ, ಡೀಫೆನ್‌ಬೇಕಿಯಾ ಬೇಡ. ಇವೆಲ್ಲ ವಿಷದವು. ಪೂಜೆಗೆ ಕಣಗಿಲೆ ಬೇಕೇ ಬೇಕು ಅಂದರೆ ಮಕ್ಕಳ ಕೈಗೆ ಎಟುಕದ ಕಡೆ ನೆಡಿ.

ಬಟ್ಟೆ, ಪಾತ್ರೆ ತೊಳೆದ ನೀರನ್ನು ಗಿಡಕ್ಕೆ ಬಿಡಬಹುದಾ?

ಬಿಡಬಹುದು. ಬಚ್ಚಲ ನೀರು ಬಾಳೆಗೆ ಹೋಗುವುದು ನಮ್ಮ ಹಿತ್ತಲುಗಳಲ್ಲಿ ಹೊಸದೇನಲ್ಲ. ಬಾಳೆ, ಕೆಸು, ಕ್ಯಾನಾ ಸೋಪಿನ ನೀರನ್ನು ತಡೆದುಕೊಳ್ಳುತ್ತವೆ. ಸೊಪ್ಪು, ಮೂಲಂಗಿಯಂಥ ಹಸಿ ತಿನ್ನುವ ಗಿಡಗಳಿಗೆ ಬೇಡ. ನೀರು ಒಂದು ಕಡೆ ಮಡುಗಟ್ಟದ ಹಾಗೆ ಜಲ್ಲಿ ತುಂಬಿದ ಗುಂಡಿಯ ಮೂಲಕ ಹಾಯಿಸಿ. ಬ್ಲೀಚಿಂಗ್, ಟಾಯ್ಲೆಟ್ ಕ್ಲೀನರ್ ಬೆರೆತ ನೀರು ನೇರ ಒಳಚರಂಡಿಗೇ ಹೋಗಲಿ.

ಲೈಟ್ ಹೇಗಿರಬೇಕು?

ಕಡಿಮೆ. ಮೆಟ್ಟಿಲು, ದಾರಿ, ಗೇಟಿನ ಬೀಗ ಕಂಡರೆ ಸಾಕು. ಹಳದಿ ಬೆಳಕು, ಮೊಣಕಾಲಿನ ಎತ್ತರದಲ್ಲಿ, ಕೆಳಮುಖವಾಗಿ. ಬಿಳಿ ಫ್ಲಡ್‌ಲೈಟ್ ಹಾಕಿದರೆ ಹುಳವೂ ನಿಮ್ಮದೇ, ಎದುರುಮನೆಯವರ ಸಿಟ್ಟೂ ನಿಮ್ಮದೇ.

ಖರ್ಚು ಹೇಗೆ ಹಂಚುವುದು?

ಮುಚ್ಚಿಹೋಗುವುದಕ್ಕೆ ಮೊದಲು ದುಡ್ಡು ಹಾಕಿ: ಪೈಪು, ಇಳಿಜಾರು, ಇಂಗು ಬಾವಿ, ಒಳ್ಳೆಯ ಮಣ್ಣು. ಮನೆ ಕಟ್ಟಿದ ಜಾಗದಲ್ಲಿ ಮೇಲಿನ ಒಂದಡಿ ಬರೀ ಸಿಮೆಂಟು, ಇಟ್ಟಿಗೆ ಚೂರು ಇರುತ್ತದೆ. ಅದನ್ನು ತೆಗೆಸಿ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ ತುಂಬಿಸಿ. ಗಿಡದಲ್ಲಿ ಉಳಿಸಬಹುದು, ಚಿಕ್ಕ ಸಸಿ ಅಗ್ಗ, ಎರಡು ವರ್ಷದಲ್ಲಿ ದೊಡ್ಡ ಗಿಡದ ಸಮಕ್ಕೆ ಬರುತ್ತದೆ. ಕಾರಂಜಿ, ಬುದ್ಧನ ಮೂರ್ತಿ ಕೊನೆಗೆ, ದುಡ್ಡು ಉಳಿದರೆ. ಡ್ರಿಪ್ ಪೈಪನ್ನು ಮೊದಲೇ ಹಾಕಿಸಿ. ಟೈಮರ್ ಇದ್ದರೆ ಊರಿಗೆ ಹೋದಾಗ ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಹೋಗುವ ಕೆಲಸ ತಪ್ಪುತ್ತದೆ.

ಯಾವಾಗ ನೆಡಬೇಕು? ಸಸಿ ಎಲ್ಲಿ ಸಿಗುತ್ತದೆ?

ಮೃಗಶಿರ, ಆರಿದ್ರ ಮಳೆಯ ಹೊತ್ತಿಗೆ, ಅಂದರೆ ಜೂನ್‌ನಲ್ಲಿ ನೆಟ್ಟರೆ ಬೇಸಿಗೆ ಬರುವಷ್ಟರಲ್ಲಿ ಬೇರು ಇಳಿದಿರುತ್ತದೆ. ಗುಂಡಿಯನ್ನು ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಡಿ. ಮರದ ಸಸಿಗಳು ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಹಣ್ಣಿನ ಕಸಿ ಗಿಡಗಳಿಗೆ ತೋಟಗಾರಿಕೆ ಇಲಾಖೆಯ ಕ್ಷೇತ್ರಗಳು ವಾಸಿ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸಿನಲ್ಲಿ ನಡೆಯುತ್ತದೆ. ನೋಡಲು ಹೋಗಿ, ಆದರೆ ಅಲ್ಲಿ ಹೂ ತುಂಬಿದ ಕುಂಡ ಕಂಡು ಮರುಳಾಗಬೇಡಿ. ಹೂವಿಲ್ಲದ, ಬುಡ ಗಟ್ಟಿ ಇರುವ, ಹೊಸ ಚಿಗುರು ಬಂದಿರುವ ಗಿಡವೇ ಮನೆಗೆ ಬಂದು ಉಳಿಯುವುದು.

ಸೈಟಿನಲ್ಲಿ ಮೊದಲೇ ಒಂದು ಮರ ಇದೆ, ಅಡ್ಡ ಬರುತ್ತಿದೆ. ಕಡಿಸಬಹುದಾ?

ನಿಮ್ಮದೇ ಜಾಗದ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಅರ್ಜಿ ಹಾಕುವ ಮೊದಲು ನಕ್ಷೆ ಇನ್ನೊಂದು ಸಲ ತೆಗೆದು ನೋಡಿ. ಎಷ್ಟೋ ಸಲ ಗೇಟನ್ನು ಎರಡಡಿ ಪಕ್ಕಕ್ಕೆ ಸರಿಸಿದರೆ ಮರವೂ ಉಳಿಯುತ್ತದೆ, ಕಾರಿಗೆ ನೆರಳೂ ಸಿಗುತ್ತದೆ. ಉಳಿಸುವುದಾದರೆ ಬುಡದ ಸುತ್ತ ನಾಲ್ಕಡಿಯಾದರೂ ಕಾಂಕ್ರೀಟ್ ಹಾಕದೆ ಬಿಡಿ, ಮನೆ ಕೆಲಸ ನಡೆಯುವಾಗ ಸಿಮೆಂಟ್ ತೊಳೆದ ನೀರನ್ನು ಬುಡಕ್ಕೆ ಸುರಿಯಲು ಗಾರೆಯವರಿಗೆ ಬಿಡಬೇಡಿ.